ಗುಡಾಣಪ್ಪನಿಗೆ ಆಲೂಗಡ್ಡೆ ಬಡಿಸಿದ ಅಮರನಾಥ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ ‘ಅಮರ್ ಆರ್ಟ್ಸ್’ ಇದೆ. ಅದರ ಮಾಲೀಕ ಅಮರನಾಥನಿಗೆ ಒಂದೇ ಒಂದು ಕೊರಗು. ಐವತ್ತೊಂದು ವರ್ಷದ ಬದುಕಿನಲ್ಲಿ ಮೂವತ್ತನ್ನು ಆತ ಬೇರೆಯವರ ಮುಖ ದೊಡ್ಡದು ಮಾಡುವುದರಲ್ಲೇ ಕಳೆದಿದ್ದ. ಹುಟ್ಟುಹಬ್ಬ ಆಚರಿಸಿಕೊಳ್ಳುವವರು, ಚುನಾವಣೆಗೆ ನಿಂತವರು, ನಿಲ್ಲಬೇಕೆಂದು ಇದ್ದವರು, ನಿಂತು ಸೋತು ಆದರೂ ಮತದಾರ ಬಂಧುಗಳಿಗೆ ಕೃತಜ್ಞತೆ ಅರ್ಪಿಸುವವರು, ಕೊನೆಗೆ ತೀರಿಕೊಂಡವರು ಕೂಡ ಅವನ ಕಂಪ್ಯೂಟರಿನೊಳಗೆ ಹೊಕ್ಕು, ಕಪ್ಪಿದ್ದವರು ಬೆಳ್ಳಗಾಗಿ, ಬೋಳಿದ್ದವರಿಗೆ ಕೂದಲು ಬಂದು, ಹತ್ತಡಿ ಎತ್ತರವಾಗಿ ಕಂಬ ಏರಿದ್ದರು. ಅವರನ್ನೆಲ್ಲ ಏರಿಸಿದವನು ಮಾತ್ರ ಕೆಳಗೆ ನಿಂತು ಹಗ್ಗ ಹಿಡಿದಿದ್ದ.

ಅಮರನಾಥ ಹುಟ್ಟಿದ್ದು ಕೊರವಂಗಲದ ಕಡೆಯ ಒಂದು ರೈತರ ಮನೆಯಲ್ಲಿ. ಇದ್ದಿಲಿನಲ್ಲಿ ಶಾಲೆಯ ಗೋಡೆಗೆ ಹೆಡ್ ಮಾಸ್ಟರರ ಚಿತ್ರ ಬರೆದು, ಅದು ಹೋಲಿದ್ದರಿಂದಲೇ ಒದೆ ತಿಂದವನು. ಚಿತ್ರ ಹೋಲದಿದ್ದರೆ ಬೆನ್ನು ಉಳಿಯುತ್ತಿತ್ತೆಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆಮೇಲೆ ಸೋದರಮಾವ ಅವನನ್ನು ಅರಕಲಗೂಡಿನ ಲಾರಿ ಪೇಂಟರೊಬ್ಬರ ಕೈಗೆ ಒಪ್ಪಿಸಿದರು. ಅಲ್ಲಿ ನಾಲ್ಕು ವರ್ಷ ಲಾರಿಗಳ ಹಿಂಭಾಗಕ್ಕೆ ಹಸು, ಕರು, ಹದ್ದು, ತಾವರೆ ಬರೆದ. ಅವನ ಮೊದಮೊದಲ ಹದ್ದುಗಳು ಕೋಳಿಗಳಂತಿದ್ದವು. ಆದರೆ ಆ ಲಾರಿಗಳೆಲ್ಲ ಮುಂಬೈ ಕಡೆಗೆ ಹೊರಟುಹೋದದ್ದರಿಂದ ಊರಿನಲ್ಲಿ ಮಾನ ಉಳಿಯಿತು. ಮುಂದೆ ಹೊಳೆನರಸೀಪುರದಲ್ಲಿ ಒಂದು ಹಿಟ್ಟಿನ ಗಿರಣಿಗೆ ಬೋರ್ಡು ಬರೆಯಲು ಹೋದ. ಮೂರು ದಿನದ ಕೆಲಸ ಹನ್ನೊಂದು ದಿನ ಹಿಡಿಯಿತು. ಗಿರಣಿಯವರ ಮಗಳು ಸಣ್ಣಕ್ಕ ದಿನಕ್ಕೆರಡು ಸಲ ಕಾಫಿ ತರುತ್ತಿದ್ದಳು. ಹನ್ನೆರಡನೆಯ ದಿನ ಗಿರಣಿಯವರೇ ಬಂದು, “ಬೋರ್ಡು ಮುಗೀತದೋ ಇಲ್ಲಾ ಮದ್ವೆ ಮಾಡ್ಬುಡ್ಲೋ?” ಎಂದು ಕೇಳಿದರು. ಎರಡೂ ಆಯಿತು.

ಫ್ಲೆಕ್ಸ್ ಬಂದ ಮೇಲೆ ಕುಂಚಗಳೆಲ್ಲ ಹಾರ್ಲಿಕ್ಸ್ ಬಾಟಲಿ ಸೇರಿದವು. ಬೆರಳಿಗೆ ಮೌಸ್ ಬಂತು. ಕೊರಗು ಮಾತ್ರ ಕುಂಚದ ಕಾಲದ್ದೇ: ತನ್ನ ಹೆಸರಿನಲ್ಲಿ, ತಾನೇ ಬರೆದದ್ದು ಅಂತ ತೋರಿಸಲು ಒಂದು ವಸ್ತುವೂ ಇಲ್ಲವಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ, ಮಾಡಲು ಕೆಲಸವಿಲ್ಲದೆ, ಹಳೇ ಪೆಟ್ಟಿಗೆ ತೆಗೆದವನಿಗೆ ‘ಸೋರೆಬುರುಡೆ ಸೀಮೆ’ ಸಿಕ್ಕಿತು.

ಅದು ಬ್ರಹ್ಮದೇವ ಮೇಷ್ಟ್ರು ಅರವತ್ತು ವರ್ಷದ ಹಿಂದೆ ಬರೆದ ಮಕ್ಕಳ ಕಥೆ. ಈ ಸೀಮೆಯಲ್ಲಿ ಅದನ್ನು ಓದದೆ ಐದನೇ ಕ್ಲಾಸು ದಾಟಿದವರಿಲ್ಲ. ಹೊನ್ನಿ ಎಂಬ ಹುಡುಗಿ ಅಟ್ಟದ ಮೇಲಿನ ಒಣ ಸೋರೆಬುರುಡೆಯೊಳಗೆ ಇಣುಕಿ ಒಳಗೇ ಬಿದ್ದುಬಿಡುತ್ತಾಳೆ. ಅಲ್ಲೊಂದು ರಾಜ್ಯ. ಆ ರಾಜ್ಯದವರು ಬೆಳೆದದ್ದನ್ನೆಲ್ಲ ಗುಡಾಣಪ್ಪನೆಂಬ ರಾಕ್ಷಸ ತಿಂದು ಮುಗಿಸುತ್ತಿರುತ್ತಾನೆ. ಹೊನ್ನಿ ಅವನ ಹತ್ತಿರ ಪಂಥ ಕಟ್ಟುತ್ತಾಳೆ: ಈ ಅನ್ನದ ಗುಡ್ಡ ಒಂದೇ ಊಟಕ್ಕೆ ಮುಗಿಸಿದರೆ ನಾನು ನಿನ್ನ ಆಳು, ಮಿಕ್ಕಿದರೆ ನೀನು ಊರು ಬಿಡಬೇಕು. ಗುಡಾಣಪ್ಪ ತಿನ್ನುತ್ತಾನೆ, ಹೊನ್ನಿ ಅವನನ್ನು ಮಾತಿಗೆಳೆಯುತ್ತಾಳೆ, ಹೊತ್ತು ಮುಳುಗುತ್ತದೆ. ಗುಡಾಣಪ್ಪ ಕೈ ತೊಳೆದು, ಬಾಯಿ ಮುಕ್ಕಳಿಸಿ ಎದ್ದುಬಿಡುತ್ತಾನೆ. ಅರ್ಧ ಗುಡ್ಡ ಅಲ್ಲೇ ಉಳಿಯುತ್ತದೆ. ಕಥೆ ಮುಗಿಯುತ್ತದೆ.

“ಊರು ಬಿಟ್ಟ ಗುಡಾಣಪ್ಪ ಎಲ್ಲಿಗ್ ಓದ?” ಎಂದು ಅಮರನಾಥ ಬಾಗಿಲ ಬೆಳಕಿನಲ್ಲಿ ಕೂತು ತನ್ನನ್ನೇ ಕೇಳಿಕೊಂಡ. ಉತ್ತರ ಹೊಳೆಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಹಾಸನಕ್ಕೆ ಬಂದ!

ಏಳು ತಿಂಗಳು ಕೂತು ಅಮರನಾಥ ನಲವತ್ತೆಂಟು ಪುಟದ ಕಾಮಿಕ್ಸ್ ಚಿತ್ರಕಥೆ ಬರೆದ. ಹೆಸರು ‘ಗುಡಾಣಪ್ಪ ರಿಟರ್ನ್ಸ್’. ವಿಮಾನ ನಿಲ್ದಾಣಕ್ಕೆಂದು ವರ್ಷಗಟ್ಟಲೆ ಕಾದಿರುವ ಬೂವನಹಳ್ಳಿಯ ಬಯಲಲ್ಲಿ ವಿಮಾನ ಇಳಿಯುವುದಕ್ಕೆ ಮುಂಚೆ ರಾಕ್ಷಸ ಇಳಿಯುತ್ತಾನೆ. ಇಳಿದವನು ಹಾಸನದಲ್ಲಿ ಇನ್ನೇನು ತಿಂದಾನು? ಆಲೂಗಡ್ಡೆ. ಹೊಲದಿಂದ ಅಗೆದು ತಿನ್ನುತ್ತಾನೆ, ಮೂಟೆ ಬಿಚ್ಚಿ ತಿನ್ನುತ್ತಾನೆ, ಲಾರಿ ಸಮೇತ ಎತ್ತಿ ಬಾಯಿಗೆ ಸುರಿದುಕೊಂಡು ಲಾರಿಯನ್ನು ಹಲ್ಲು ಕಡ್ಡಿಯಂತೆ ಹೊರಗೆಳೆಯುತ್ತಾನೆ. ಚಂದ್ರ ಮೇಲೇರಿದ ಮೇಲೆ ಎಂಟು ಪುಟ ಆಲೂಗಡ್ಡೆ ಬೋಂಡದ ಔತಣ. ಕಡೆಗೆ ಅವನನ್ನು ಗೆಲ್ಲುವವನು ಶಾಲು ಹೊದ್ದ, ಕನ್ನಡಕದ, ಗಂಭೀರ ಮುಖದ ಒಬ್ಬ ಮಹಾನ್ ಕಲಾವಿದ. ಹೆಸರು ಚಿತ್ರವೀರ. ಅವನು ಹೈವೇ ಮೇಲೆ ಒಂದು ಬಾವಿಯ ಚಿತ್ರ ಬರೆಯುತ್ತಾನೆ. ಚಿತ್ರ ಎಷ್ಟು ನೈಜವಾಗಿರುತ್ತದೆಂದರೆ ಗುಡಾಣಪ್ಪ ಅದರೊಳಗೇ ಬಿದ್ದುಹೋಗುತ್ತಾನೆ.

ಇಲ್ಲಿ ಅಮರನಾಥ ತನ್ನ ಕಸುಬಿನ ತಪ್ಪೊಂದನ್ನು ಮಾಡಿದ. ಫ್ಲೆಕ್ಸಿನವರ ಲೋಕದಲ್ಲಿ ಮೊದಲು ಫ್ಲೆಕ್ಸ್ ಏರುತ್ತದೆ, ಕಾರ್ಯಕ್ರಮ ಆಮೇಲೆ ಅದನ್ನು ಹಿಂಬಾಲಿಸುತ್ತದೆ. ಆ ರೂಢಿಯಂತೆ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಮತ್ತು ನಡುವಿನ ರಸ್ತೆಯುದ್ದಕ್ಕೂ ಬ್ಯಾನರು ಕಟ್ಟಿಸಿಬಿಟ್ಟ. ‘ಕಲಾಕೇಸರಿ ಅಮರನಾಥ್ ವಿರಚಿತ ಅಮೋಘ ಕೃತಿ ಲೋಕಾರ್ಪಣೆ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ, ಹಾಸನ. ಸರ್ವರಿಗೂ ಸುಸ್ವಾಗತ.’ ನಡುವೆ ಕೈಕಟ್ಟಿ ನಿಂತ ಅಮರನಾಥ. ಗುಡಾಣಪ್ಪ ಮಾತ್ರ ಕೆಳಗೆ, ಶುಭ ಕೋರುವವರ ಸಾಲಿನಲ್ಲಿ ಅಂಚೆಚೀಟಿಯಷ್ಟು.

ಮಾರನೆಯ ದಿನ ಹಾಸನದ ದೇವಯ್ಯನ ಪ್ರೆಸ್ಸಿಗೆ ಹೋದ. ದೇವಯ್ಯ ಹಳೇ ಗೆಳೆಯ. ಪುಟಗಳನ್ನೆಲ್ಲ ತಿರುವಿ ನೋಡಿ ಕೇಳಿದ:

“ಲೇ ಅಮರ, ಕತೆ ಯಾರ್ದು?”

“ನಂದೇ ಕಣ್ಲಾ.”

“ಮೊದಲ್ನೇ ಭಾಗ?”

“ಅದು ಬ್ರಹ್ಮದೇವ ಮೇಷ್ಟ್ರುದು.”

“ಮತ್ತೆ ಈ ರಾಕ್ಷಸ?”

ಅಮರನಾಥ ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿದ. “...ಮೇಷ್ಟ್ರವ್ನೇ.”

“ಬ್ಯಾರೇರ ರಾಕ್ಷಸನ್ನ ಯೋಳ್ದೆ ಕೇಳ್ದೆ ಕರ್ಕಂಡ್ ಬಂದು ಹಾಸನದಲ್ಲಿ ಇಳಿಸ್ಬುಟ್ರೆ ಆಯ್ತದೇನ್ಲಾ? ಮೇಷ್ಟ್ರ ಮನೆಯವ್ರ ಕೈಲಿ ಒಂದು ಒಪ್ಪಿಗೆ ಪತ್ರ ಬರೆಸ್ಕಂಡ್ ಬಾ. ಅಲ್ಲೀಗಂಟ ನಾನು ಮಿಷನ್ ಆನ್ ಮಾಡಕಿಲ್ಲ.”

“ಫ್ಲೆಕ್ಸ್ ಕಟ್ಟಿಸ್ಬುಟ್ಟಿವ್ನಿ ಕಣಪ್ಪ! ನಾಲ್ಕು ತಾಲ್ಲೂಕು ನೋಡ್ಬುಟ್ಟದೆ!”

“ನೋಡ್ದೆ. ಚೆನ್ನಾಗ್ ಬಂದಿದ್ದೀಯ,” ಎಂದ ದೇವಯ್ಯ. “ಪತ್ರ ತತ್ತಾ.”

ಮೇಷ್ಟ್ರು ಕಾಲವಾಗಿ ಬಹಳ ವರ್ಷ. ಅವರ ಮಗಳು ಅನಂತಮತಿ ಶ್ರವಣಬೆಳಗೊಳದಲ್ಲಿದ್ದಾರೆಂದು ಗೊತ್ತಾಯಿತು. ಎಪ್ಪತ್ತರ ಮೇಲಿನ ವಯಸ್ಸು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಮರನಾಥ ಇಸ್ತ್ರಿ ಹಾಕಿದ ಜುಬ್ಬ ತೊಟ್ಟು, ಶಾಲು ಹೊದ್ದು, ಸಂಜೆ ಐದರ ಹೊತ್ತಿಗೆ ಹೋದ. ಆಕೆ ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ನಲವತ್ತೆಂಟೂ ಪುಟ ಓದಿದರು. ಮಧ್ಯೆ ಎರಡು ಸಲ “ಅಯ್ಯೋ” ಎಂದರು. ಅದನ್ನು ಅಮರನಾಥ ಮೆಚ್ಚುಗೆಯ ಲೆಕ್ಕಕ್ಕೆ ಹಾಕಿಕೊಂಡ.

“ಇದು ನಮ್ಮ ಗುಡಾಣಪ್ಪ ಅಲ್ಲ,” ಎಂದರು ಮುಗಿಸಿ.

“ಅವನೇ ಅಮ್ಮ. ಹೊಟ್ಟೆ ನೋಡಿ.”

“ಹೊಟ್ಟೆ ಅವನದೇ. ಒಳಗೆ ಹೋಗಿರೋದು ಅವನದಲ್ಲ. ಗುಡಾಣಪ್ಪ ಆಲೂಗಡ್ಡೆ ತಿನ್ನಲ್ಲ.”

ಅಮರನಾಥ ತಬ್ಬಿಬ್ಬಾದ. “ರಾಕ್ಷಸ ಅಲ್ವಾ ಅಮ್ಮ?”

“ರಾಕ್ಷಸ ಆದ್ರೇನು? ಜೈನ ಮೇಷ್ಟ್ರ ಮನೆ ರಾಕ್ಷಸ. ನೆಲದೊಳಗಿನ ಗೆಡ್ಡೆ ಮುಟ್ಟಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಲ್ಲ. ನೀವು ರಾತ್ರಿ ಹೊತ್ತು ಅವನಿಗೆ ಎಂಟು ಪುಟ ಬೋಂಡ ತಿನ್ನಿಸಿದ್ದೀರಲ್ಲ!”

ಆಕೆ ಒಳಗೆ ಹೋಗಿ ಹಳೆಯ ಪುಸ್ತಕ ತಂದು ತೆರೆದು ತೋರಿಸಿದರು. ಗುಡಾಣಪ್ಪ ತಿಂದದ್ದು ಅನ್ನ, ತೊಗರಿ, ಬೆಲ್ಲ, ಬಾಳೆಹಣ್ಣು, ಕುಂಬಳಕಾಯಿ, ಕಬ್ಬು, ತೆಂಗಿನಕಾಯಿ. ಒಂದು ಈರುಳ್ಳಿ ಇಲ್ಲ, ಒಂದು ಮೂಲಂಗಿ ಇಲ್ಲ. ಕೊನೆಯಲ್ಲಿ ಹೊತ್ತು ಮುಳುಗಿದ್ದೇ ತಡ, ಎಲೆಯ ಮುಂದಿನಿಂದ ಎದ್ದದ್ದು ಹೊಟ್ಟೆ ತುಂಬಿತೆಂದಲ್ಲ. ನಾಲ್ಕು ತಾಲ್ಲೂಕಿನ ಮಕ್ಕಳು ಅರವತ್ತು ವರ್ಷದಿಂದ ಅವನಿಗೆ ಸಾಕಾಯಿತೆಂದೇ ತಿಳಿದಿದ್ದರು. ನಲವತ್ತು ಸಲ ಓದಿದ್ದ ಕಲಾಕೇಸರಿಯೂ ಹಾಗೇ ತಿಳಿದಿದ್ದ.

“ಸಣ್ಣವಳಿದ್ದಾಗ ತುತ್ತಿಗೊಂದು ಮಾತಾಡ್ಕೊಂಡು ಊಟಕ್ಕೆ ಎರಡು ಗಂಟೆ ಮಾಡ್ತಿದ್ದೆ,” ಎಂದರು ಅನಂತಮತಿ. “ಹೊತ್ತು ಮುಳುಗೋದ್ರೊಳಗೆ ಮುಗಿಸ್ಲಿ ಅಂತ ಅಪ್ಪ ಈ ಕತೆ ಕಟ್ಟಿದ್ದು. ಎಲ್ರೂ ನನ್ನನ್ನ ಹೊನ್ನಿ ಅಂದ್ಕೊಂಡಿದ್ದಾರೆ. ನಾನು ಗುಡಾಣಪ್ಪ.” ಆಮೇಲೆ ಬಿಸಿಲು ನೋಡಿ, “ಐದೂವರೆ ಆಯ್ತು. ಏಳಿ, ಊಟ ಮಾಡೋಣ,” ಎಂದರು.

ಅಮರನಾಥ ಹೀರೇಕಾಯಿ ಹುಳಿಯನ್ನ ಉಂಡು ಎದ್ದ. ಪತ್ರ ಸಿಗಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡವನನ್ನು ಸಣ್ಣಕ್ಕ ಕೇಳಿದಳು: “ಏನಂದ್ರು ಆ ಅಮ್ಮ?”

“ಆಲೂಗಡ್ಡೆ ಬ್ಯಾಡ್ವಂತೆ.”

“ನಮ್ಮನೆಗೆ ಊಟಕ್ಕೇನಾರ ಬತ್ತವ್ರಾ?”

ಅಮರನಾಥ ಎಲ್ಲವನ್ನೂ ವಿವರಿಸಿದ. ಒಂಬತ್ತು ದಿನ ಉಳಿದಿದೆ, ಏಳು ತಿಂಗಳ ಕೆಲಸ ಹಾಳಾಯಿತು, ಇನ್ನು ನಾಲ್ಕು ಊರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ, ತಲೆ ತಾನಾಗಿ ಎತ್ತಿಕೊಂಡಿದೆ, ಹತ್ತಡಿ ಮೇಲಿದೆ, ಇಳಿಸುವುದು ಹೇಗೆ ಎಂದು ಗೋಳಾಡಿದ. ಸಣ್ಣಕ್ಕ ಅವರೆಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡಳು.

“ಪಾರ್ಟಿ ಬದ್ಲಾಯ್ಸಿ ಬಂದೋರ ಫ್ಲೆಕ್ಸಲ್ಲಿ ಇಂದ್ಲ ಲೀಡ್ರು ತಲೆ ಕಿತ್ತು ಒಸ ಲೀಡ್ರು ತಲೆ ಅರ್ಧ ಗಂಟೇಲಿ ಕೂರಿಸ್ತೀರಿ. ಆಲೂಗಡ್ಡೆ ಏನು ಅವ್ರಿಗಿಂತ ದೊಡ್ಡದಾ?”

ಅಮರನಾಥ ಮಂಚದಿಂದ ನೆಗೆದ.

ಮೂರು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ಸಾವಿರದ ನೂರ ನಲವತ್ತಮೂರು ಆಲೂಗಡ್ಡೆ ಹೋಗಿ ಅಷ್ಟೇ ಟೊಮೆಟೊ ಬಂದವು. ಚಂದ್ರನಿದ್ದ ಕಡೆಯೆಲ್ಲ ಚಂದ್ರನನ್ನು ಕಿತ್ತು ಸೂರ್ಯನನ್ನು ಅಂಟಿಸಿದ. ಅವಸರದಲ್ಲಿ ನಕ್ಷತ್ರಗಳನ್ನು ತೆಗೆಯುವುದು ಮರೆತ. ಹೊಲದಲ್ಲಿ ರೈತರು ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದ ಪುಟಗಳನ್ನೂ ಮರೆತ.

ಎರಡನೆಯ ಸಲ ಹೋದಾಗ ಅನಂತಮತಿ ಮೊದಲ ಹತ್ತು ಪುಟ ಸುಮ್ಮನೆ ಓದಿದರು. ಹನ್ನೊಂದನೆಯ ಪುಟದಲ್ಲಿ ರೈತನೊಬ್ಬ ನೆಲ ಅಗೆದು ಎರಡು ಕೆಜಿ ತೂಗುವ ಟೊಮೆಟೊ ಹೊರಗೆಳೆದು ಮಣ್ಣು ಕೊಡವುತ್ತಿದ್ದ. ಆಕೆಯ ಭುಜ ಅಲ್ಲಾಡತೊಡಗಿತು. ಕಪ್ಪು ಆಕಾಶದಲ್ಲಿ ನಕ್ಷತ್ರಗಳ ನಡುವೆ ಸೂರ್ಯ ಹೊಳೆಯುತ್ತಿದ್ದ ಪುಟಕ್ಕೆ ಬಂದಾಗ ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯಪ್ಪಾ” ಎಂದು ಗೋಡೆಗೆ ಒರಗಿದರು.

“ಸರಿ ಮಾಡ್ಕೊಡ್ತೀನಿ ಅಮ್ಮ,” ಎಂದ ಅಮರನಾಥ, ಬೆವರುತ್ತ.

“ಬೇಡ ಬೇಡ. ಹೀಗೇ ಇರ್ಲಿ. ಸೋರೆಬುರುಡೆ ಒಳಗಿಂದ ಬಂದೋನು, ಅವನು ಬಂದ ಕಡೆ ಟೊಮೆಟೊ ನೆಲದೊಳಗೇ ಬಿಡಲಿ. ಅಪ್ಪ ಇದ್ದಿದ್ರೆ ನಕ್ಕೂ ನಕ್ಕೂ ಸಾಕಾಗಿರೋರು.” ಪುಟ ತಿರುವಿದರು. ನಗು ನಿಂತಿತು. “ಹೋದ್ಸಲ ಆಲೂಗಡ್ಡೆ ಗಲಾಟೇಲಿ ಕೇಳೋದೇ ಮರೆತೆ. ಇವರು ಯಾರು, ಶಾಲು ಹೊದ್ದೋರು?”

“ಹೊಸ ಪಾತ್ರ. ಚಿತ್ರವೀರ ಅಂತ.”

“ಕನ್ನಡಕ ನಿಮ್ಮದೇ ಇದ್ದಂಗಿದೆ.”

“ಒಂದೇ ಅಂಗಡೀಲಿ ತಗೊಂಡಿರ್ಬೋದು.”

“ಹೊನ್ನಿ ಎಲ್ಲಿ?”

ಅಮರನಾಥ ಪುಟದ ಮೂಲೆ ತೋರಿಸಿದ. ಹೊನ್ನಿ ಅಲ್ಲಿ ಬಣ್ಣದ ಡಬ್ಬ ಹಿಡಿದು ನಿಂತಿದ್ದಳು.

“ರಾಕ್ಷಸನ್ನ ಊರು ಬಿಡಿಸಿದ ಹುಡುಗೀಗೆ ಡಬ್ಬ ಹಿಡಿಯೋ ಕೆಲಸ ಕೊಟ್ಟಿದ್ದೀರಾ?” ಅನಂತಮತಿಯವರ ದನಿ ಗಣಿತದ ತರಗತಿಗೆ ಹೋಯಿತು. “ಇವರನ್ನ ಎಷ್ಟು ಕಡೆ ಬರೆದಿದ್ದೀರಿ?”

“ಮೂವತ್ತೊಂದು.”

“ಮೂವತ್ತೊಂದೂ ತೆಗೀರಿ. ಉಪಾಯ ಹೊನ್ನಿ ಮಾಡ್ಲಿ.”

“ಒಂದೇ ಒಂದು ಕಡೆ ಇರ್ಲಿ ಅಮ್ಮ. ಹಿಂದ್ಗಡೆ. ಸಣ್ಣದಾಗಿ.”

“ರಟ್ಟಿನ ಮೇಲೆ ನಿಮ್ಮ ಹೆಸರು ಎಷ್ಟು ದಪ್ಪ ಬೇಕಾದ್ರೂ ಹಾಕ್ಕೊಳ್ಳಿ. ಒಳಗೆ ನೀವು ಬೇಡ. ನಮ್ಮಪ್ಪ ಆ ಪುಸ್ತಕದಲ್ಲಿ ಎಲ್ಲಿದ್ದಾರೆ ಹೇಳಿ? ಆದ್ರೂ ನೀವು ಹುಡುಕ್ಕೊಂಡು ಬರ್ಲಿಲ್ವಾ?”

ಹಾಗೆಂದು ಒಳಗೆ ಹೋಗಿ, ಗೆರೆ ಎಳೆದ ಹಾಳೆಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಒಪ್ಪಿಗೆ ಪತ್ರ ಬರೆದೇಬಿಟ್ಟರು. “ನೀವು ತೆಗೀತೀರಿ ಅಂತ ನಂಬಿಕೆ ಮೇಲೆ ಕೊಡ್ತಿದ್ದೀನಿ,” ಎಂದು ಕೈಗಿಟ್ಟರು. ಇದೊಂದು ಮೋಸ. ಕೈಗೆ ಕೊಡದಿದ್ದರೆ ಅಮರನಾಥ ನೆಮ್ಮದಿಯಾಗಿ ಜಗಳವಾಡಬಹುದಿತ್ತು.

ಪತ್ರ ಜೇಬಿನಲ್ಲಿಟ್ಟುಕೊಂಡು ಚನ್ನರಾಯಪಟ್ಟಣಕ್ಕೆ ಬಂದು ನೇರವಾಗಿ ಹಾಸನದ ಬಸ್ಸು ಹತ್ತಿದ. ಪತ್ರದಲ್ಲಿ ಚಿತ್ರವೀರನ ಸುದ್ದಿಯೇ ಇರಲಿಲ್ಲ. ದೇವಯ್ಯನಿಗೆ ಪತ್ರ ತೋರಿಸಿದರೆ ಮಿಷನ್ ಓಡುತ್ತದೆ. ಪುಸ್ತಕ ಬಂದ ಮೇಲೆ ಆ ಅಮ್ಮ ಬೈದರೆ ಬೈಯಲಿ, ಮುದ್ರಣ ದೋಷ ಅಂದರಾಯಿತು. ಮೂವತ್ತೊಂದು ಸಲ ಒಬ್ಬ ಮನುಷ್ಯ ಮುದ್ರಣ ದೋಷದಿಂದ ಬಂದುಬಿಡಬಹುದೇ? ಬರಬಹುದು, ಎಂದುಕೊಂಡ ಅಮರನಾಥ. ದೇಶದಲ್ಲಿ ಇನ್ನೂ ಏನೇನೋ ಆಗಿದೆ.

ಬಸ್ಸು ಶಾಂತಿಗ್ರಾಮದಲ್ಲಿ ನಿಂತಿತು. ಕಿಟಕಿಯಾಚೆ ಅವನದೇ ಫ್ಲೆಕ್ಸು. ಹಾಲಿನ ಕ್ಯಾನು ಇಟ್ಟುಕೊಂಡು ಇಬ್ಬರು ಅದರ ನೆರಳಲ್ಲಿ ಕೂತಿದ್ದರು. ಕೆಳಗಿನ ಹಗ್ಗ ಬಿಚ್ಚಿ ಫ್ಲೆಕ್ಸು ವಾಲಿತ್ತು. ಒಂದು ಎಮ್ಮೆ ಅದಕ್ಕೆ ತನ್ನ ಪಕ್ಕೆಯನ್ನು ಕಲಾಕೇಸರಿಯ ಮೂಗಿನಿಂದ ಗಲ್ಲದವರೆಗೆ ಮೇಲಕ್ಕೂ ಕೆಳಕ್ಕೂ ಉಜ್ಜುತ್ತಿತ್ತು. ಕಣ್ಣು ಮುಚ್ಚಿತ್ತು. ಅಂಥ ಪರಮಾನಂದವನ್ನು ಅಮರನಾಥ ತನ್ನ ಯಾವ ಚಿತ್ರದ ಮುಂದೆಯೂ ಯಾರ ಮುಖದಲ್ಲಿಯೂ ನೋಡಿರಲಿಲ್ಲ.

“ಓಯ್, ಯಾರ್ದಪ್ಪ ಎಮ್ಮೆ? ಓಡ್ಸಿ ಅದ್ನ!” ಎಂದು ಕಿಟಕಿಯಿಂದ ಕೂಗಿದ.

ಹಾಲಿನವನೊಬ್ಬ ತಲೆ ಎತ್ತಿದ. “ಇರ್ಲಿ ಬುಡಿ ಸಾ. ಎಲ್ಡ್ ದಿನದಿಂದ ಉಜ್ಕತ್ತದೆ. ಹಾಲು ಜಾಸ್ತಿ ಬತ್ತಾ ಅದೆ.”

ಬಸ್ಸಿನಲ್ಲಿದ್ದವರು ಒಮ್ಮೆ ಫ್ಲೆಕ್ಸನ್ನೂ ಒಮ್ಮೆ ಅಮರನಾಥನನ್ನೂ ನೋಡಿ, ಹೋಲಿಕೆ ಸರಿಯಿದೆಯೆಂದು ಖಾತ್ರಿಪಡಿಸಿಕೊಂಡು, ತಲಾ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ನಕ್ಕರು. ಕಂಡಕ್ಟರು ಮಾತ್ರ ನೇರವಾಗಿಯೇ ನಕ್ಕ. “ರೈಟ್” ಅನ್ನುವಷ್ಟರಲ್ಲಿ ಅಮರನಾಥ ಕೆಳಗಿಳಿದುಬಿಟ್ಟಿದ್ದ. ಎಮ್ಮೆಯನ್ನು ಓಡಿಸಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಮೊಬೈಲಿನಲ್ಲಿ ಅದರ ನಾಲ್ಕು ಫೋಟೊ ತೆಗೆದುಕೊಂಡು, ಎದುರಿನ ಬಸ್ಸು ಹಿಡಿದು ಪಟ್ಟಣಕ್ಕೆ ವಾಪಸ್ಸಾದ.

ಮರುದಿನ ಬೆಳಿಗ್ಗೆ ಸಣ್ಣಕ್ಕ ತಿಂಡಿ ಡಬ್ಬಿ ತಂದಾಗ ಅಮರನಾಥ ಕಂಪ್ಯೂಟರಿನ ಮುಂದೆ ಕೂತು ತನ್ನನ್ನು ತಾನೇ ಅಳಿಸುತ್ತಿದ್ದ. ಒಂದೊಂದು ಸಲ ಅಳಿಸುವಾಗಲೂ ಮುಖ ಹುಳಿ ತಿಂದವರಂತಾಗುತ್ತಿತ್ತು.

“ಪೂರ್ತಿ ಅಳಿಸ್ಕಂಡ್ ಓದ್ರಾ?” ಎಂದಳು ಹಿಂದೆ ನಿಂತು.

“ಹದ್ನಾರು ಕಡೆ ಓದೆ. ಇನ್ನೂ ಹದ್ನೈದು ಇವ್ನಿ. ಆದ್ರೆ ನಾನ್ ಓದ ಕಡೆ ಎಲ್ಲಾ ತೂತು ಉಳ್ಕತ್ತದೆ ಕಣೆ. ಏನಾರ ಕೂರಿಸ್ಬೇಕು.”

ಕೂರಿಸಿದ್ದು ಎಮ್ಮೆ. ಉಪಾಯ ಹೊನ್ನಿಯದಾಯಿತು, ಬಾವಿ ಬರೆಯುವವಳೂ ಅವಳೇ, ಎಮ್ಮೆ ಬಾಲವನ್ನು ಬಣ್ಣದಲ್ಲಿ ಅದ್ದಿ ಹಿಂದೆ ಹಿಂದೆ ನಡೆದು ಸಹಾಯ ಮಾಡಿತು. ಗುಡಾಣಪ್ಪ ಬಾವಿಗೆ ಬೀಳುವ ಪುಟದಲ್ಲಿ ಎಮ್ಮೆ ಕಣ್ಣು ಮುಚ್ಚಿ ವಿದ್ಯುತ್ ಕಂಬಕ್ಕೆ ಪಕ್ಕೆ ಉಜ್ಜುತ್ತ ನಿಂತಿತು. ದೇವಯ್ಯ ಪತ್ರ ಓದಿ, ಮಿಷನ್ ಆನ್ ಮಾಡಿದ.

ಅಚ್ಚಾದ ಮೊದಲ ಪ್ರತಿಯನ್ನು ಸಣ್ಣಕ್ಕ ನೋಡುತ್ತಾ ಹೋಗಿ ಒಂದು ಕಡೆ ಬೆರಳಿಟ್ಟಳು. “ಇದೇನ್ರೀ ಇದು?”

ಅಮರನಾಥ ಬಗ್ಗಿ ನೋಡಿದ. ಚಿತ್ರವೀರನ ಮೈ ಹೋಗಿತ್ತು, ತಲೆ ಹೋಗಿತ್ತು. ಕನ್ನಡಕವನ್ನೂ ಶಾಲನ್ನೂ ಏಳು ತಿಂಗಳ ಹಿಂದೆ ಕಂಪ್ಯೂಟರಿನಲ್ಲಿ ಬೇರೆ ಪದರದಲ್ಲಿ ಬರೆದು, ಅಳಿಸುವಾಗ ಆ ಪದರವನ್ನು ಮರೆಮಾಡಿಟ್ಟು ಮರೆತಿದ್ದನಾದ್ದರಿಂದ ಅವೆರಡು ಮಾತ್ರ ಇದ್ದಲ್ಲೇ ಉಳಿದಿದ್ದವು. ಮೂವತ್ತೊಂದೂ ಕಡೆ ಎಮ್ಮೆ ಕನ್ನಡಕ ಹಾಕಿಕೊಂಡು, ಶಾಲು ಹೊದ್ದು, ಗಂಭೀರವಾಗಿ ನಿಂತಿತ್ತು. ಐನೂರು ಪ್ರತಿ ಮಡಿಸಿ, ಪಿನ್ ಹೊಡೆದಾಗಿತ್ತು.

ಭಾನುವಾರದ ಬಿಡುಗಡೆ ಮಧ್ಯಾಹ್ನ ಎರಡಕ್ಕೇ ಇತ್ತು, ಏಕೆಂದರೆ ಮುಖ್ಯ ಅತಿಥಿ ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸಬೇಕಿತ್ತು. ನಾಲ್ಕೂ ತಾಲ್ಲೂಕಿನಿಂದ ಎಂಬತ್ತು ಜನ ಸೇರಿದ್ದರು. ಅಮರನಾಥ ಮುಂದಿನ ಸಾಲಿನಲ್ಲಿ ಶಾಲು ಹೊದೆಯದೆ, ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು, ಏನೂ ಕಾಣದೆ ಕೂತಿದ್ದ. ಅನಂತಮತಿ ವೇದಿಕೆಯ ಮೇಲೆ ಪುಸ್ತಕ ಬಿಡಿಸಿದರು. ಒಂದು ಪುಟದಲ್ಲಿ ತುಂಬಾ ಹೊತ್ತು ನಿಂತರು. ಅಮರನಾಥನಿಗೆ ಆಕೆಯ ಮುಖ ಮಂಜಾಗಿತ್ತು. ಭುಜ ಅಲ್ಲಾಡುತ್ತಿದ್ದದ್ದು ಮಾತ್ರ ಹೇಗೋ ಕಂಡಿತು.

“ಮೇಷ್ಟ್ರ ಗುಡಾಣಪ್ಪ ಮನೆಗೆ ಬಂದಿದ್ದಾನೆ,” ಎಂದರು ಮೈಕಿನಲ್ಲಿ. “ಜೊತೆಗೆ ಒಂದು ಎಮ್ಮೇನೂ ಕರ್ಕೊಂಡು ಬಂದಿದ್ದಾನೆ. ಒಪ್ಪಿಗೆ ಪತ್ರದಲ್ಲಿ ಎಮ್ಮೆ ಇರ್ಲಿಲ್ಲ. ಈಗ ಸೇರಿಸ್ತಿದ್ದೀನಿ.” ಜನ ಚಪ್ಪಾಳೆ ತಟ್ಟಿದರು.

ಉಪ್ಪಿಟ್ಟಿನ ಹೊತ್ತಿಗೆ ಅರಕಲಗೂಡಿನಿಂದ ಬಂದಿದ್ದ ಬಸವಲಿಂಗಮ್ಮ ಎಂಬ ಅಂಗನವಾಡಿ ಮೇಡಂ ಪುಸ್ತಕ ಹಿಡಿದು ಅವನ ಹತ್ತಿರ ಬಂದರು. “ಸಾ, ಎಲ್ಲಾ ಚೆನ್ನಾಗದೆ. ಅದ್ರಲ್ಲೂ ಈ ಎಮ್ಮೆ! ನಮ್ಮ ಅಂಗನವಾಡಿ ಮಕ್ಳಿಗೆ ಇದೇ ತೋರಿಸ್ತೀನಿ. ಯಾರ್ ಸಾ ಇದು?”

ಸಣ್ಣಕ್ಕ ಉಪ್ಪಿಟ್ಟು ಬಡಿಸುವ ಸೌಟು ನಿಲ್ಲಿಸಿದಳು. ದೇವಯ್ಯ ಕಿವಿ ಇತ್ತ ಮಾಡಿದ. ಅಮರನಾಥ ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮೂಗಿನ ಮೇಲಿಟ್ಟುಕೊಂಡ.

“ನಾನೇ ಕಣವ್ವ,” ಎಂದ.

ಬಸವಲಿಂಗಮ್ಮ ಅವನನ್ನೊಮ್ಮೆ, ಪುಟವನ್ನೊಮ್ಮೆ ನೋಡಿ, ಪೆನ್ನು ಮುಂದೆ ಹಿಡಿದರು. “ಅಂಗಾರೆ ಇಲ್ಲೇ ಒಂದು ಸೈನ್ ಹಾಕ್ಕೊಡಿ ಸಾ. ಮ್ಯಾಲೆ ಹಾಕ್ಬ್ಯಾಡಿ, ಪಕ್ಕಕ್ಕಾಕಿ. ಎಮ್ಮೆ ಕೆಟ್ಟೋಯ್ತದೆ.”